ಎಂ. ಎಸ್. ಸುಬ್ಬುಲಕ್ಷ್ಮಿ ಶತಮಾನೋತ್ಸವದ ನಾಣ್ಯಗಳು: ಗುರುತು, ಬೆಲೆ, ವಿನ್ಯಾಸ ಕುರಿತು ಚರ್ಚೆ

ಸ್ಥಾಯಿ:

ಸಂಗೀತಗಾರರ ಗೌರವಾರ್ಥವಾಗಿ ಭಾರತ ಸರ್ಕಾರ ಹೊರತಂದ ನಾಣ್ಯಗಳ ಬಗ್ಗೆ ಕನ್ನಡದಲ್ಲಿ ಒಂದೇ ಕಡೆ ಕೂಡಿಟ್ಟ ಮಾಹಿತಿ ಸಿಗುವುದು ಕಷ್ಟ. ಅದಕ್ಕಾಗಿ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ನನ್ನ ಆಸಕ್ತಿ ಮುಖ್ಯವಾಗಿ ಎಂ. ಎಸ್. ಸುಬ್ಬುಲಕ್ಷ್ಮಿಯವರ ಜನ್ಮಶತಮಾನೋತ್ಸವದ ನೆನಪಿಗೆ ಬಂದ ಎರಡು ನಾಣ್ಯಗಳಲ್ಲಿದೆ. ಒಂದು ನೂರು ರೂಪಾಯಿಯದು, ಇನ್ನೊಂದು ಹತ್ತು ರೂಪಾಯಿಯದು. ಎಂ. ಎಸ್. ಅವರು ಮದುರೆಯಲ್ಲಿ ಹುಟ್ಟಿದ್ದು 1916ರ ಸೆಪ್ಟೆಂಬರ್ 16ರಂದು. ನಾಣ್ಯಗಳನ್ನು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ದೆಹಲಿಯಲ್ಲಿ ಬಿಡುಗಡೆ ಮಾಡಿದ್ದು 2017ರ ಸೆಪ್ಟೆಂಬರ್‌ನಲ್ಲಿ. ನಾಣ್ಯದ ಮೇಲೆ ‘1916-2016’ ಎಂದಿದ್ದರೂ ಅದು ನಮ್ಮ ಕೈಗೆ ಬರುವ ಹೊತ್ತಿಗೆ ನೂರೊಂದು ವರ್ಷ ತುಂಬಿತ್ತು. ಹೊಸದಾಗಿ ಸಂಗ್ರಹಕ್ಕೆ ಇಳಿದವರು ಈ ವ್ಯತ್ಯಾಸ ಕಂಡು ನಾಣ್ಯ ನಕಲಿಯೇನೋ ಎಂದು ಸಂಶಯಪಡುವುದುಂಟು. ಸಂಶಯಕ್ಕೆ ಕಾರಣವಿಲ್ಲ.

ಸಂಗ್ರಾಹಕರ ನಡುವೆ ಮಾತು ಬಂದಾಗಲೆಲ್ಲ ನೂರರ ಬೆಳ್ಳಿಮಿಶ್ರಿತ ನಾಣ್ಯವೇ ಮುಂದೆ ಬರುತ್ತದೆ, ಹತ್ತರದು ಅದರ ಜೊತೆಗೆ ಬಂದ ಚಿಲ್ಲರೆಯಂತೆ ಪಕ್ಕಕ್ಕೆ ಸರಿಯುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ಬೆಳಗಿನ ಜಾವ ರೇಡಿಯೋದಿಂದ ಮನೆಮನೆಗೆ ಕೇಳಿಬಂದ ಧ್ವನಿ ಅದು. ಪುರಂದರದಾಸರ ದೇವರನಾಮಗಳನ್ನು ಕನ್ನಡ ಬಾರದವರ ಬಾಯಿಗೂ ಕೂರಿಸಿದವರು ಅವರು. ಅಂಥವರ ನೆನಪು ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿನ ನೂರರ ನಾಣ್ಯದಲ್ಲಿ ಹೆಚ್ಚಾಗಿ ಉಳಿಯುತ್ತದೆಯೋ ಅಥವಾ ಕೈಯಿಂದ ಕೈಗೆ ಹೋಗಬಲ್ಲ ಹತ್ತರ ನಾಣ್ಯದಲ್ಲೋ ಎಂಬುದನ್ನು ಇಲ್ಲಿ ಯೋಚಿಸಬೇಕೆಂದು ನನ್ನ ಆಸೆ. ಜೊತೆಗೆ, ಕೊಳ್ಳಲು ಹೊರಟವರು ನೂರರ ನಾಣ್ಯದ ಅಸಲಿತನವನ್ನು ಹೇಗೆ ಪರೀಕ್ಷಿಸಬೇಕು, ಯಾವ ಬೆಲೆಯನ್ನು ನ್ಯಾಯವಾದದ್ದೆಂದು ತಿಳಿಯಬೇಕು ಎಂಬುದನ್ನು ಅನುಭವಸ್ಥರು ವಿವರಿಸಿದರೆ ಉಪಕಾರವಾಗುತ್ತದೆ.

ಮುದ್ರಾರಸಿಕ:

ಅಸಲಿತನದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಜನ ಕೈ ಸುಟ್ಟುಕೊಳ್ಳುವುದು ಅಲ್ಲಿಯೇ.

ಯಾವುದೇ ಸ್ಮರಣಾರ್ಥ ನಾಣ್ಯವನ್ನು ಅಚ್ಚು ಹಾಕುವ ಮುನ್ನ ಹಣಕಾಸು ಸಚಿವಾಲಯವು ರಾಜಪತ್ರದಲ್ಲಿ ಅಧಿಸೂಚನೆ ಹೊರಡಿಸುತ್ತದೆ. ನಾಣ್ಯದ ತೂಕ, ವ್ಯಾಸ, ಲೋಹದ ಪ್ರಮಾಣ, ಅಂಚಿನ ಗೆರೆಗಳ ಸಂಖ್ಯೆ, ಎರಡೂ ಬದಿಯ ಬರಹ ಎಲ್ಲವೂ ಅದರಲ್ಲಿ ನಮೂದಾಗಿರುತ್ತವೆ. ಎಂ. ಎಸ್. ಅವರ ನೂರರ ನಾಣ್ಯದ ವ್ಯಾಸ 44 ಮಿಲಿಮೀಟರ್, ತೂಕ 35 ಗ್ರಾಂ. ಲೋಹ ನಾಲ್ಕು ಧಾತುಗಳ ಮಿಶ್ರಣ: ಬೆಳ್ಳಿ ಶೇ. 50, ತಾಮ್ರ ಶೇ. 40, ನಿಕ್ಕಲ್ ಮತ್ತು ಸತು ತಲಾ ಶೇ. 5. ಅಂಚಿನಲ್ಲಿ 200 ಗೆರೆಗಳು. ಒಂದು ಬದಿಯ ನಡುವೆ ಅಶೋಕ ಸ್ತಂಭದ ಸಿಂಹಗಳು, ಕೆಳಗೆ ‘ಸತ್ಯಮೇವ ಜಯತೇ’, ಎಡಕ್ಕೆ ದೇವನಾಗರಿಯಲ್ಲಿ ಭಾರತ, ಬಲಕ್ಕೆ ಇಂಗ್ಲಿಷಿನಲ್ಲಿ ಇಂಡಿಯಾ, ಸಿಂಹಗಳ ಕೆಳಗೆ ರೂಪಾಯಿ ಚಿಹ್ನೆಯೊಡನೆ 100 ಎಂಬ ಅಂಕಿ. ಇನ್ನೊಂದು ಬದಿಯಲ್ಲಿ ಎಂ. ಎಸ್. ಅವರ ಭಾವಚಿತ್ರ, ಅದರ ಕೆಳಗೆ ಇಸವಿಗಳು.

ಈ ಅಳತೆಗಳು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ನಕಲು ಮಾಡುವವರು ಸಾಮಾನ್ಯವಾಗಿ ಬೆಳ್ಳಿ ಹಾಕುವುದಿಲ್ಲ, ತಾಮ್ರ ಮತ್ತು ನಿಕ್ಕಲ್ ಮಿಶ್ರಣದಲ್ಲಿ ಅಚ್ಚು ಹಾಕಿ ಮೇಲೆ ಹೊಳಪು ಕೊಡುತ್ತಾರೆ. ಬೆಳ್ಳಿ ಆ ಮಿಶ್ರಣಕ್ಕಿಂತ ಸಾಂದ್ರವಾದ್ದರಿಂದ, ಅಷ್ಟೇ ಅಗಲ ಮತ್ತು ಅಷ್ಟೇ ದಪ್ಪದ ನಕಲಿ ನಾಣ್ಯ ಅಸಲಿಗಿಂತ ಎರಡು ಗ್ರಾಂಗೂ ಹೆಚ್ಚು ಹಗುರವಾಗಿರುತ್ತದೆ. ತೂಕ ಸರಿಹೊಂದಿಸಲು ಹೋದರೆ ದಪ್ಪ ಏರುತ್ತದೆ. ಆದ್ದರಿಂದ ಹತ್ತನೇ ಒಂದು ಗ್ರಾಂ ತೋರಿಸುವ ಸಣ್ಣ ತಕ್ಕಡಿ ಮತ್ತು ವ್ಯಾಸ, ದಪ್ಪಗಳನ್ನು ಅಳೆಯುವ ಕ್ಯಾಲಿಪರ್ ಎರಡನ್ನೂ ಒಟ್ಟಿಗೆ ಬಳಸಬೇಕು, ಒಂದನ್ನೇ ನಂಬಬಾರದು. ನಾಣ್ಯ ಅಯಸ್ಕಾಂತಕ್ಕೆ ಅಂಟಿಕೊಂಡರೆ ಮುಂದೆ ಮಾತೇ ಬೇಡ. ಆದರೆ ಅಂಟಲಿಲ್ಲವೆಂಬ ಒಂದೇ ಕಾರಣಕ್ಕೆ ಅಸಲಿಯೆಂದು ತೀರ್ಮಾನಿಸಬಾರದು, ಏಕೆಂದರೆ ಮೇಲೆ ಹೇಳಿದ ನಕಲಿ ಮಿಶ್ರಣವೂ ಅಯಸ್ಕಾಂತಕ್ಕೆ ಅಂಟುವುದಿಲ್ಲ.

ಕಣ್ಣಿನ ಪರೀಕ್ಷೆಯೂ ಇದೆ. ಭೂತಗನ್ನಡಿ ಹಿಡಿದು ಭಾವಚಿತ್ರದ ಕೂದಲಿನ ಎಳೆ, ಹಣೆಯ ಕುಂಕುಮದ ಅಂಚು, ಸಿಂಹಗಳ ಕೇಸರ ಮತ್ತು ಅಕ್ಷರಗಳ ಮೂಲೆಗಳನ್ನು ನೋಡಿರಿ. ಟಂಕಸಾಲೆಯ ಅಚ್ಚಿನಲ್ಲಿ ಅಕ್ಷರವು ನೆಲದಿಂದ ಚೂಪಾಗಿ ಎದ್ದು ನಿಲ್ಲುತ್ತದೆ. ನಾಣ್ಯದಿಂದ ಎರಕ ತೆಗೆದು ಮಾಡಿದ ನಕಲಿನಲ್ಲಿ ಆ ಮೂಲೆಗಳು ಸೋಪು ಕರಗಿದಂತೆ ಮೊಂಡಾಗಿರುತ್ತವೆ, ನೆಲದ ಮೇಲೆ ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಕಾಣುತ್ತವೆ.

ಇನ್ನು ಬೆಲೆ. 35 ಗ್ರಾಂನಲ್ಲಿ ಅರ್ಧದಷ್ಟು, ಅಂದರೆ 17.5 ಗ್ರಾಂ ಬೆಳ್ಳಿ. ಅಂದಿನ ಬೆಳ್ಳಿದರದಿಂದ ಅದನ್ನು ಗುಣಿಸಿದರೆ ಲೋಹದ ಮೌಲ್ಯ ಸಿಗುತ್ತದೆ, ಬೆಲೆಯ ತಳ ಅದು. ಅದರ ಮೇಲೆ ಮಾರುವವರು ಕೇಳುವುದೆಲ್ಲ ಸಂಗ್ರಹಮೌಲ್ಯದ ಹೆಸರಿನಲ್ಲಿ. ಆ ಭಾಗಕ್ಕೆ ಎಷ್ಟು ಕೊಡಬೇಕೆಂಬುದು ನಿಮ್ಮ ಮನಸ್ಸಿಗೆ ಬಿಟ್ಟ ವಿಚಾರವಾದರೂ, ‘ಅಪರೂಪದ ನಾಣ್ಯ, ಹತ್ತು ವರ್ಷದಲ್ಲಿ ಹತ್ತು ಪಟ್ಟು’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಎದ್ದು ಬರುವುದು ಒಳ್ಳೆಯದು. ಹೂಡಿಕೆಗಾಗಿ ಬೆಳ್ಳಿ ಬೇಕಿದ್ದವರು ಅರ್ಧ ತಾಮ್ರ, ನಿಕ್ಕಲ್, ಸತು ಸೇರಿದ ನಾಣ್ಯಕ್ಕೆ ದುಬಾರಿ ಬೆಲೆ ತೆರುವ ಅಗತ್ಯವಿಲ್ಲ. ಇದನ್ನು ಕೊಳ್ಳಬೇಕಾದ್ದು ಎಂ. ಎಸ್. ಅವರಿಗಾಗಿ.

ಹೊಸಬ:

ಪ್ರೂಫ್ ಮತ್ತು ಯುಎನ್‌ಸಿ ಎಂದು ಎರಡು ಬಗೆಯ ಸೆಟ್‌ಗಳು ಮಾರಾಟಕ್ಕಿರುವುದನ್ನು ನೋಡಿದ್ದೇನೆ. ಲೋಹ, ತೂಕ ಒಂದೇ ಆಗಿದ್ದರೂ ಬೆಲೆಯಲ್ಲಿ ಅಷ್ಟು ಅಂತರ ಏಕೆ? ಮೊದಲ ಬಾರಿಗೆ ಕೊಳ್ಳುವವರು ಯಾವುದನ್ನು ಆರಿಸಿಕೊಳ್ಳಬೇಕು?

ಮುದ್ರಾರಸಿಕ:

ಯುಎನ್‌ಸಿ ಎಂದರೆ ಚಲಾವಣೆಯ ಸವಕಳಿ ತಾಗದ, ಸಾಮಾನ್ಯ ರೀತಿಯಲ್ಲಿ ಅಚ್ಚಾದ ನಾಣ್ಯ. ಪ್ರೂಫ್‌ಗಾಗಿ ಅಚ್ಚನ್ನೂ ಬಿಲ್ಲೆಯನ್ನೂ ವಿಶೇಷವಾಗಿ ನಯಗೊಳಿಸಿ, ಒಂದಕ್ಕಿಂತ ಹೆಚ್ಚು ಬಾರಿ ಒತ್ತಿ ಅಚ್ಚು ಹಾಕುತ್ತಾರೆ. ಹಾಗಾಗಿ ನೆಲವು ಕನ್ನಡಿಯಂತೆ ಹೊಳೆದು, ಮುಖ ಮತ್ತು ಅಕ್ಷರಗಳು ಮಂಜಿನ ಬಿಳುಪಿನಲ್ಲಿ ಎದ್ದು ಕಾಣುತ್ತವೆ. ಬೆಲೆಯ ಅಂತರ ಆ ಶ್ರಮಕ್ಕೆ ಮತ್ತು ಕಡಿಮೆ ಸಂಖ್ಯೆಗೆ. ಟಂಕಸಾಲೆಯ ಗುರುತನ್ನೂ ನೋಡಿಕೊಳ್ಳಿ. ಮುಂಬೈಯಲ್ಲಿ ಅಚ್ಚಾದ ನಾಣ್ಯಕ್ಕೆ ವಜ್ರಾಕೃತಿ, ಹೈದರಾಬಾದಿನದಕ್ಕೆ ನಕ್ಷತ್ರ, ನೋಯ್ಡಾದ್ದಕ್ಕೆ ಚುಕ್ಕೆ ಇರುತ್ತದೆ. ಕೋಲ್ಕತ್ತದ ನಾಣ್ಯಕ್ಕೆ ಗುರುತಿಲ್ಲ. ಮುಂಬೈನ ಪ್ರೂಫ್ ನಾಣ್ಯಗಳಲ್ಲಿ ವಜ್ರದ ಬದಲು ‘ಎಂ’ ಅಕ್ಷರ ಇರುತ್ತದೆ. ಯುಎನ್‌ಸಿ ನಾಣ್ಯವನ್ನು ಚೆನ್ನಾಗಿ ತಿಕ್ಕಿ ಪ್ರೂಫ್ ಎಂದು ಮಾರುವವರು ಈ ಸಣ್ಣ ಗುರುತಿನಲ್ಲಿಯೇ ಸಿಕ್ಕಿಬೀಳುತ್ತಾರೆ.

ಮುಖವನ್ನು ಮನದಣಿಯೆ ನೋಡಬೇಕೆಂಬ ಆಸೆ ನಿಮ್ಮದಾಗಿದ್ದರೆ ಪ್ರೂಫ್ ಕೊಳ್ಳಿರಿ. ಆಗಾಗ ಕೈಗೆತ್ತಿಕೊಳ್ಳುವ ಅಭ್ಯಾಸವಿದ್ದರೆ ಯುಎನ್‌ಸಿ ಸಾಕು, ಏಕೆಂದರೆ ಕನ್ನಡಿಯ ನೆಲದ ಮೇಲೆ ಒಮ್ಮೆ ಬೆರಳಿನ ಗುರುತು ಬಿದ್ದರೆ ಅದು ಅಲ್ಲಿಯೇ ಉಳಿಯುತ್ತದೆ.

ತಂಬೂರಿ:

ಮುಖವನ್ನು ನೋಡುವ ಮಾತು ಬಂದುದರಿಂದ ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ಇರುವ ಒಂದು ಅತೃಪ್ತಿಯನ್ನು ಇಲ್ಲಿ ಹೇಳುತ್ತೇನೆ. ನಾನು ಸಂಗೀತದ ವಿದ್ಯಾರ್ಥಿನಿ, ನಾಣ್ಯಗಳ ಶಾಸ್ತ್ರ ನನಗೆ ಹೆಚ್ಚು ತಿಳಿಯದು. ಆದರೆ ನಮ್ಮ ಸ್ಮರಣಾರ್ಥ ನಾಣ್ಯಗಳನ್ನು ಸಾಲಾಗಿ ಇಟ್ಟು ನೋಡಿದರೆ ರಾಜಕಾರಣಿ, ವಿಜ್ಞಾನಿ, ಸಂತ, ಗಾಯಕಿ ಎಲ್ಲರೂ ಒಂದೇ ರೀತಿ ಕಾಣುತ್ತಾರೆ. ನಡುವೆ ಭಾವಚಿತ್ರ, ಸುತ್ತ ಹೆಸರು, ಕೆಳಗೆ ಇಸವಿ. ಹೆಸರನ್ನು ಓದದೆ ಇವರು ಹಾಡುವವರು ಎಂದು ತಿಳಿಯುವ ದಾರಿ ಎಲ್ಲಿದೆ?

ಹೊರದೇಶಗಳ ನಾಣ್ಯಗಳಲ್ಲಿ ಬೇರೆ ಬೇರೆ ಬಗೆಯ ಯೋಚನೆ ಕಾಣುತ್ತದೆ. ಬ್ರಿಟನ್ನಿನ ರಾಯಲ್ ಮಿಂಟ್ 2020ರಲ್ಲಿ ಕ್ವೀನ್ ತಂಡದ ಗೌರವಕ್ಕೆ ತಂದ ನಾಣ್ಯದಲ್ಲಿ ನಾಲ್ವರು ಸದಸ್ಯರ ಮುಖಗಳೇ ಇಲ್ಲ, ಅವರವರ ವಾದ್ಯಗಳಿವೆ: ಪಿಯಾನೋ, ಗಿಟಾರ್, ಬಾಸ್ ಗಿಟಾರ್, ಡ್ರಮ್. ಅಮೆರಿಕದಲ್ಲಿ 2009ರ ಕ್ವಾರ್ಟರ್ ನಾಣ್ಯವೊಂದರ ಮೇಲೆ ಜಾಝ್ ಸಂಗೀತದ ಡ್ಯೂಕ್ ಎಲಿಂಗ್ಟನ್ ತಮ್ಮ ಪಿಯಾನೋದ ಮುಂದೆ ಕುಳಿತಿದ್ದಾರೆ. ಆಸ್ಟ್ರಿಯಾ ದೇಶದವರು ವಿಯೆನ್ನಾ ಫಿಲ್‌ಹಾರ್ಮೋನಿಕ್ ಹೆಸರಿನಲ್ಲಿ 1989ರಿಂದ ತರುತ್ತಿರುವ ನಾಣ್ಯದ ಒಂದು ಬದಿಯಲ್ಲಿ ಸಂಗೀತ ಸಭಾಂಗಣದ ದೊಡ್ಡ ಆರ್ಗನ್ ಇದ್ದರೆ, ಇನ್ನೊಂದು ಬದಿಯಲ್ಲಿ ವಾದ್ಯಗಳ ಗುಂಪೇ ಇದೆ. ಅದನ್ನು ನೋಡಿದವರಿಗೆ ಅಕ್ಷರ ಬಾರದಿದ್ದರೂ ಇದು ಸಂಗೀತದ ನಾಣ್ಯವೆಂದು ತಿಳಿಯುತ್ತದೆ.

ಎಂ. ಎಸ್. ಅವರ ಸಂಗೀತದ ಗುರುತಾಗಿ ಏನನ್ನು ಕೆತ್ತಬಹುದಿತ್ತು ಎಂದು ಕೇಳಿದರೆ ನನ್ನ ಉತ್ತರ ತಂಬೂರ. ಶ್ರುತಿಯಲ್ಲಿ ಕೂದಲೆಳೆಯಷ್ಟೂ ಕದಲದ ಗಾಯನಕ್ಕೆ ಅದಕ್ಕಿಂತ ಸರಿಯಾದ ಚಿಹ್ನೆ ಇಲ್ಲ. ನಾಲ್ಕು ತಂತಿ, ನೇರವಾದ ದಂಡಿ, ಗುಂಡಗಿನ ಬುರುಡೆ: ಗೆರೆಗಳಲ್ಲಿ ಇಷ್ಟು ಸರಳವಾದ ವಾದ್ಯ ವೃತ್ತಾಕಾರದ ಲೋಹದಲ್ಲಿ ಬಹಳ ಚೆನ್ನಾಗಿ ಕೂರುತ್ತದೆ. 44 ಮಿಲಿಮೀಟರ್ ಅಂದರೆ ಸಣ್ಣ ಜಾಗವೇನಲ್ಲ.

ಮುದ್ರಾರಸಿಕ:

ನಿಮ್ಮ ಅತೃಪ್ತಿಯಲ್ಲಿ ಹುರುಳಿದೆ, ಆದರೆ ಮುಖವನ್ನು ಬಿಟ್ಟುಬಿಡುವ ವಾದವನ್ನು ನಾನು ಒಪ್ಪಲಾರೆ. ಕ್ವೀನ್ ತಂಡದ ಆ ಪಿಯಾನೋವನ್ನು ನೋಡಿ ಗುರುತಿಸುವುದು ಅಭಿಮಾನಿಗಳು ಮಾತ್ರ. ತಂಬೂರವಾದರೋ ಹಿಂದೂಸ್ತಾನಿ, ಕರ್ನಾಟಕಿ ಎಲ್ಲ ಗಾಯಕರ ಬೆನ್ನ ಹಿಂದೆಯೂ ಇರುತ್ತದೆ. ಅದೊಂದನ್ನೇ ಕೆತ್ತಿದರೆ ಯಾರ ನಾಣ್ಯವೆಂದು ತಿಳಿಯುವುದಿಲ್ಲ. ಹಣೆಯ ದೊಡ್ಡ ಕುಂಕುಮ, ಎರಡೂ ಬದಿಯ ಮೂಗುತಿ, ಮುಡಿದ ಹೂವು, ಇವುಗಳಿಂದ ಎಂ. ಎಸ್. ಅವರನ್ನು ಹಳ್ಳಿಯ ಅಜ್ಜಿಯೂ ಗುರುತಿಸುತ್ತಾರೆ. ಆಸ್ಟ್ರಿಯಾದವರು ದಿನಬಳಕೆಯ ಒಂದು ಯೂರೋ ನಾಣ್ಯದ ಮೇಲೆ ಮೊಜಾರ್ಟ್‌ನ ಮುಖವನ್ನೇ ಹಾಕಿದ್ದಾರೆ, ಪಕ್ಕದಲ್ಲಿ ಅವನ ಸಹಿ ಇದೆ. ಮುಖದ ಜೊತೆಗೆ ಕಲೆಯ ಒಂದು ಗುರುತೂ ಇರಬೇಕೆಂದು ನೀವು ಹೇಳುವುದಾದರೆ ನನ್ನ ಸಹಮತವಿದೆ.

ತಂಬೂರಿ:

ಮುಖ ಮತ್ತು ವಾದ್ಯ ಎರಡೂ ಇರಲಿ ಎಂಬುದಕ್ಕೆ ನನ್ನ ಅಡ್ಡಿಯಿಲ್ಲ. ಹಾಗಾದರೂ ಆಗಿದ್ದರೆ ಸಂತೋಷಪಡುತ್ತಿದ್ದೆ.

ಚಿಲ್ಲರೆ:

ಮೂಲ ಪ್ರಶ್ನೆಗೆ ಮರಳೋಣ. ನಾನು ದಿನವಿಡೀ ಹಣ ಎಣಿಸುವ ಕೌಂಟರಿನ ಹಿಂದೆ ಕುಳಿತುಕೊಳ್ಳುವವನು. ಹತ್ತು ರೂಪಾಯಿ ನಾಣ್ಯದ ಕಥೆಯನ್ನು ಆ ಕಡೆಯಿಂದ ಹೇಳಬಲ್ಲೆ.

ಎರಡು ಲೋಹದ ಹತ್ತರ ನಾಣ್ಯ ಚಲಾವಣೆಗೆ ಬಂದದ್ದು 2009ರಲ್ಲಿ. 27 ಮಿಲಿಮೀಟರ್ ವ್ಯಾಸ, 7.71 ಗ್ರಾಂ ತೂಕ, ಹೊರಗೆ ಹಳದಿ ಬಳೆ, ಒಳಗೆ ಬಿಳಿ ಬಿಲ್ಲೆ. ಎಂ. ಎಸ್. ಅವರ ಹತ್ತರ ನಾಣ್ಯವೂ ಇದೇ ಅಳತೆಯದು. ರೂಪಾಯಿಗೆ ಹೊಸ ಚಿಹ್ನೆ ಬಂದ ಮೇಲೆ ಚಿಹ್ನೆ ಇರುವ ಮತ್ತು ಇಲ್ಲದ ಹತ್ತರ ನಾಣ್ಯಗಳು ಒಟ್ಟಿಗೆ ಓಡಾಡತೊಡಗಿದವು. ಕೆಲವದರಲ್ಲಿ ಹತ್ತು ಕಿರಣ, ಕೆಲವದರಲ್ಲಿ ಹದಿನೈದು. ಇವುಗಳ ನಡುವೆ ಸ್ಮರಣಾರ್ಥ ವಿನ್ಯಾಸಗಳೂ ಸೇರಿಕೊಂಡವು. ಇಷ್ಟು ಬಗೆಗಳನ್ನು ಕಂಡ ಜನ ಯಾವುದೋ ಒಂದು ನಕಲಿ ಇರಬೇಕೆಂದು ನಂಬಿದರು. ಗಾಳಿಸುದ್ದಿ ಹಬ್ಬಿ ಅಂಗಡಿಗಳಲ್ಲಿಯೂ ಬಸ್ಸುಗಳಲ್ಲಿಯೂ ಹತ್ತರ ನಾಣ್ಯವನ್ನು ತೆಗೆದುಕೊಳ್ಳಲು ನಿರಾಕರಿಸುವಷ್ಟಕ್ಕೆ ಹೋಯಿತು. ಕೊನೆಗೆ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಣೆ ಹೊರಡಿಸಿ, ಅದುವರೆಗೆ ಬಂದ 14 ವಿನ್ಯಾಸಗಳ ಹತ್ತು ರೂಪಾಯಿ ನಾಣ್ಯಗಳೂ ಅಧಿಕೃತವೆಂದು ಸ್ಪಷ್ಟಪಡಿಸಬೇಕಾಯಿತು. ಇಷ್ಟಾದರೂ ಇಂದಿಗೂ ‘ಬೇರೆ ಕೊಡಿ’ ಎನ್ನುವವರಿದ್ದಾರೆ.

ಇದರಿಂದ ನನಗೆ ಕಾಣುವುದೇನೆಂದರೆ, ಹೊಸ ವಿನ್ಯಾಸವನ್ನು ಜನರ ಕೈಗೆ ಕೊಡುವಾಗ ಇವರು ಯಾರು, ಏಕೆ ಬಂದರು ಎಂಬ ಮಾತನ್ನೂ ಜನರಿಗೆ ತಲುಪಿಸಬೇಕು. ನಾಣ್ಯ ಬಿಡುಗಡೆಯ ಸುದ್ದಿ ದೆಹಲಿಯ ಸಭಾಂಗಣದಲ್ಲಿ ಮುಗಿದರೆ, ಗೌರವಿಸಲು ಹೊರಟ ವ್ಯಕ್ತಿಯ ಮುಖವೇ ಸಂಶಯಕ್ಕೆ ಕಾರಣವಾಗುತ್ತದೆ. ಹತ್ತರ ನಾಣ್ಯವೇ ನಿಜವಾದ ಗೌರವವೆಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಆದರೆ ಅದಕ್ಕೆ ಈ ಸಿದ್ಧತೆ ಬೇಕು.

ಹೊಸಬ:

ನೂರರ ನಾಣ್ಯವನ್ನು ಅಂಗಡಿಯಲ್ಲಿ ಕೊಟ್ಟರೆ ಕಾನೂನಿನ ಪ್ರಕಾರ ತೆಗೆದುಕೊಳ್ಳಬೇಕೆ?

ಚಿಲ್ಲರೆ:

2011ರ ನಾಣ್ಯ ಕಾಯಿದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಮುಖಬೆಲೆಯ ನಾಣ್ಯಗಳು ಒಂದು ಸಾವಿರ ರೂಪಾಯಿವರೆಗಿನ ಪಾವತಿಗೆ ಸಲ್ಲುತ್ತವೆ. ಆದರೆ ನೂರು ರೂಪಾಯಿಯ ನಾಣ್ಯವನ್ನು ಚಲಾವಣೆಗಾಗಿ ಬಿಡುವುದಿಲ್ಲ, ಟಂಕಸಾಲೆಯೇ ಸಂಗ್ರಾಹಕರಿಗೆ ಮುಖಬೆಲೆಗಿಂತ ಬಹಳ ಹೆಚ್ಚಿನ ದರಕ್ಕೆ ಮಾರುತ್ತದೆ. ಅದನ್ನು ನೂರು ರೂಪಾಯಿಗೆ ಕೊಡುವವರು ಸಿಗುವುದಿಲ್ಲ. ಇನ್ನೊಂದು ವಿಷಯ: ಅದೇ ಕಾಯಿದೆ ನಾಣ್ಯಗಳನ್ನು ಕರಗಿಸುವುದನ್ನೂ ನಾಶಮಾಡುವುದನ್ನೂ ನಿಷೇಧಿಸುತ್ತದೆ. ಬೆಳ್ಳಿ ದರ ಏರಿದಾಗ ‘ಕರಗಿಸಿದರೂ ಲಾಭ’ ಎಂದು ಹೇಳುವ ಮಾರಾಟಗಾರರ ಮಾತಿಗೆ ಕಿವಿಗೊಡಬೇಡಿರಿ.

ಹೊಸಬ:

ಧನ್ಯವಾದಗಳು. ನನ್ನ ಅನುಭವವನ್ನು ಹೇಳುವುದು ಬೇರೆಯವರಿಗೂ ಉಪಯೋಗವಾಗಬಹುದು. ಅಂತರ್ಜಾಲದ ಮಾರಾಟಗಾರರೊಬ್ಬರಿಂದ ಎಂ. ಎಸ್. ಅವರ ನೂರರ ನಾಣ್ಯವನ್ನು ತರಿಸಿಕೊಂಡೆ. ಚಿತ್ರದಲ್ಲಿ ಟಂಕಸಾಲೆಯ ಮುಚ್ಚಿದ ಪೆಟ್ಟಿಗೆ ಇತ್ತು. ಬಂದದ್ದು ಮೃದುವಾದ ಪ್ಲಾಸ್ಟಿಕ್ ಚೀಲದಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ನಾಣ್ಯ. ಈಗ ಮೇಲೆ ಹೇಳಿದಂತೆ ಅಳೆದು ನೋಡಿದೆ. 44 ಮಿಲಿಮೀಟರ್, 35 ಗ್ರಾಂ, ಗುರುತುಗಳು ಸ್ಪಷ್ಟ, ಅಸಲಿಯೇ ಎಂದು ತೋರುತ್ತದೆ. ಆದರೆ ರಬ್ಬರ್ ತಾಗಿದ ಕಡೆ ಅಡ್ಡಲಾಗಿ ಕಂದು ಗೆರೆಯೊಂದು ಮೂಡಿದೆ, ಅದು ಸರಿಯಾಗಿ ಕೆನ್ನೆಯ ಮೇಲೆ ಹಾದುಹೋಗುತ್ತದೆ. ಮನೆಯಲ್ಲಿ ಬೆಳ್ಳಿ ಪಾತ್ರೆಗೆ ಬಳಸುವ ಪುಡಿಯಿಂದ ತೊಳೆಯಬಹುದೇ? ಮಾರಾಟಗಾರರು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪುತ್ತಿಲ್ಲ.

ಮುದ್ರಾರಸಿಕ:

ದಯವಿಟ್ಟು ಪುಡಿಯನ್ನು ಮುಟ್ಟಬೇಡಿರಿ. ಕಂದು ಗೆರೆ ಇರುವ ನಾಣ್ಯವನ್ನು ಇನ್ನೂ ಪ್ರೀತಿಯಿಂದ ಇಟ್ಟುಕೊಳ್ಳಬಹುದು, ತಿಕ್ಕಿದ ನಾಣ್ಯವನ್ನು ಯಾರೂ ಸರಿಪಡಿಸಲಾರರು. ಪುಡಿಯಲ್ಲಿರುವ ಸಣ್ಣ ಕಣಗಳು ಮೇಲ್ಮೈಯನ್ನು ಗೀರುತ್ತವೆ. ಪ್ರೂಫ್ ಆಗಿದ್ದರೆ ಮುಖದ ಮಂಜಿನ ಬಿಳುಪು ಹೋಗಿ ನೆಲದೊಂದಿಗೆ ಬೆರೆತುಬಿಡುತ್ತದೆ.

ಆದದ್ದೇನೆಂದರೆ, ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯೊಂದಿಗೂ ತಾಮ್ರದೊಂದಿಗೂ ಸೇರಿ ಬಣ್ಣ ಬದಲಾಯಿಸಿದೆ. ಈ ನಾಣ್ಯದಲ್ಲಿ ಶೇ. 40 ತಾಮ್ರವಿರುವುದರಿಂದ ಶುದ್ಧ ಬೆಳ್ಳಿಯ ನಾಣ್ಯಕ್ಕಿಂತ ಇದು ಬೇಗ ಕಂದುತ್ತದೆ. ಹೋಲಿಕೆಗೆ ಹೇಳುವುದಾದರೆ, ರಿಸರ್ವ್ ಬ್ಯಾಂಕಿಗೆ 90 ವರ್ಷ ತುಂಬಿದ ನೆನಪಿಗೆ 2024ರಲ್ಲಿ ಬಂದ ತೊಂಬತ್ತು ರೂಪಾಯಿಯ ನಾಣ್ಯ ಶೇ. 99.9 ಬೆಳ್ಳಿಯದು, ಅದರ ಸ್ವಭಾವವೇ ಬೇರೆ. ಅರ್ಧ ಬೆಳ್ಳಿಯ ಎಲ್ಲ ನಾಣ್ಯಗಳಿಗೂ ನೀವು ಈ ಎಚ್ಚರಿಕೆ ವಹಿಸಬೇಕು.

ಮೊದಲು ಆ ಮೃದು ಚೀಲದಿಂದ ಹೊರತೆಗೆಯಿರಿ. ಅಂಥ ಚೀಲಗಳು ಹೆಚ್ಚಾಗಿ ಪಿವಿಸಿಯವು, ಕೆಲವು ಕಾಲದ ನಂತರ ಹಸಿರು ಜಿಡ್ಡನ್ನು ಬಿಡುತ್ತವೆ. 44 ಮಿಲಿಮೀಟರಿನ ಗಟ್ಟಿಯಾದ ಪಾರದರ್ಶಕ ಕ್ಯಾಪ್ಸೂಲ್ ಕೊಂಡು ಅದರಲ್ಲಿ ಇಡಿರಿ. ಹಿಡಿಯುವಾಗ ಅಂಚನ್ನಷ್ಟೇ, ಆ 200 ಗೆರೆಗಳಿರುವ ಭಾಗವನ್ನು ಮಾತ್ರ, ಹತ್ತಿಯ ಕೈಗವಸು ತೊಟ್ಟು ಹಿಡಿಯಬೇಕು. ನಾಣ್ಯದ ಮೇಲೆ ಬಾಗಿ ಮಾತನಾಡಬಾರದು, ಉಗುಳಿನ ಸಣ್ಣ ಹನಿ ಬಿದ್ದರೂ ಕೆಲವು ತಿಂಗಳಲ್ಲಿ ಚುಕ್ಕೆಯಾಗುತ್ತದೆ. ಕಪಾಟಿನಲ್ಲಿ ನುಸಿಗುಳಿಗೆ, ಹಳೆಯ ವೃತ್ತಪತ್ರಿಕೆ, ರಬ್ಬರ್ ಇವುಗಳಿಂದ ದೂರವಿಟ್ಟು, ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಪೊಟ್ಟಣವನ್ನು ಆಗಾಗ ಬದಲಾಯಿಸಿರಿ. ಕರಾವಳಿಯಲ್ಲಿಯೋ ಮಲೆನಾಡಿನಲ್ಲಿಯೋ ಇರುವವರು ಮಳೆಗಾಲದಲ್ಲಿ ಇದನ್ನು ಮರೆಯಲೇಬಾರದು.

ಮಾರಾಟಗಾರರ ವಿಚಾರ: ಚಿತ್ರದಲ್ಲಿ ತೋರಿಸಿದ ಪೆಟ್ಟಿಗೆ ಬರಲಿಲ್ಲವೆಂಬುದೇ ನಿಮ್ಮ ದೂರಿಗೆ ಸಾಕಷ್ಟು ಬಲವಾದ ಕಾರಣ. ಚಿತ್ರವನ್ನೂ ಬಂದ ವಸ್ತುವಿನ ಫೋಟೋವನ್ನೂ ಜೊತೆಗಿಟ್ಟು, ನೀವು ಕೊಂಡ ತಾಣದಲ್ಲಿಯೇ ದೂರು ದಾಖಲಿಸಿರಿ.

ಸ್ಥಾಯಿ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಹತ್ತರ ನಾಣ್ಯದ ಮಾತನ್ನು ಸ್ವಲ್ಪ ವಿಸ್ತರಿಸಲು ಬೇರೆ ಸಂಗೀತಗಾರರ ನಾಣ್ಯಗಳನ್ನೂ ಪಕ್ಕದಲ್ಲಿಟ್ಟು ನೋಡೋಣ.

ನಮ್ಮಲ್ಲಿ ಸ್ಮರಣಾರ್ಥ ನಾಣ್ಯಗಳ ಪರಂಪರೆ ಆರಂಭವಾದದ್ದು 1964ರಲ್ಲಿ, ನೆಹರೂ ಅವರ ನಾಣ್ಯದೊಂದಿಗೆ. ಅದು ಒಂದು ರೂಪಾಯಿ ಮತ್ತು ಐವತ್ತು ಪೈಸೆಯಲ್ಲಿ ಬಂತು, ಅಂದರೆ ಜನ ಬಳಸುವ ಮುಖಬೆಲೆಯಲ್ಲಿ. 2011ರಲ್ಲಿ ರವೀಂದ್ರನಾಥ ಟ್ಯಾಗೋರರ 150ನೆಯ ಜನ್ಮವರ್ಷಕ್ಕೆ 150 ರೂಪಾಯಿಯ ನಾಣ್ಯದ ಜೊತೆಗೆ ಐದು ರೂಪಾಯಿಯದೂ ಇತ್ತು. ಅವರನ್ನು ಕವಿಯೆಂದಷ್ಟೇ ಎಣಿಸುವವರಿದ್ದಾರೆ. ಸಾವಿರಾರು ಹಾಡುಗಳಿಗೆ ತಾವೇ ರಾಗ ಕಟ್ಟಿದವರನ್ನು ಈ ಪಟ್ಟಿಯಿಂದ ಬಿಡಲು ನನಗೆ ಮನಸ್ಸಿಲ್ಲ. ಗಜಲ್, ಠುಮ್ರಿಗಳ ಬೇಗಂ ಅಖ್ತರ್ ಅವರ ಶತಮಾನೋತ್ಸವಕ್ಕೆ 2014ರಲ್ಲಿ ನೂರು ಮತ್ತು ಐದು ರೂಪಾಯಿಯ ನಾಣ್ಯಗಳು ಬಂದವು. ಎಂ. ಎಸ್. ಅವರಿಗೆ ನೂರು ಮತ್ತು ಹತ್ತು. ಮುಂದೆ 2025ರ ಸೆಪ್ಟೆಂಬರ್ 13ರಂದು ಗುವಾಹಾಟಿಯಲ್ಲಿ ಭೂಪೇನ್ ಹಜಾರಿಕಾ ಅವರ ನೂರು ರೂಪಾಯಿಯ ನಾಣ್ಯವನ್ನು ಪ್ರಧಾನಿ ಬಿಡುಗಡೆ ಮಾಡಿದರು.

ಹಜಾರಿಕಾ ಅವರ ನಾಣ್ಯದ ಎರಡು ಅಂಶಗಳು ನನ್ನ ಮನಸ್ಸಿಗೆ ಬಂದವು. ಅವರು ಹುಟ್ಟಿದ್ದು 1926ರ ಸೆಪ್ಟೆಂಬರ್ 8ರಂದು. ನಾಣ್ಯ ಬಂದದ್ದು ಶತಮಾನೋತ್ಸವ ವರ್ಷದ ಆರಂಭದಲ್ಲಿಯೇ, ಅದೂ ಅವರು ಹಾಡಿ ಬೆಳೆದ ಅಸ್ಸಾಮಿನಲ್ಲಿಯೇ. ಎಂ. ಎಸ್. ಅವರ ವಿಷಯದಲ್ಲಿ ಎರಡೂ ಆಗಲಿಲ್ಲ. ವರ್ಷ ಕಳೆದು ಬಂತು, ಮದುರೆ ಚೆನ್ನೈಗಳಿಂದ ದೂರದಲ್ಲಿ ಬಂತು. ಆದರೆ ಎಂ. ಎಸ್. ಅವರಿಗೆ ಸಿಕ್ಕ ಸಣ್ಣ ಮುಖಬೆಲೆ ಮಾತ್ರ ಈಗ ಅಪರೂಪವಾಗುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ವ್ಯಕ್ತಿಗಳ ನೆನಪಿನ ನಾಣ್ಯಗಳು ಹೆಚ್ಚಾಗಿ ನೂರರ ಮುಖಬೆಲೆಯಲ್ಲಿಯೇ ಬರುತ್ತಿವೆ. ಭಾರತ ರತ್ನ ಪಡೆದ ಮೊದಲ ಸಂಗೀತಗಾರ್ತಿಯ ಹತ್ತು ರೂಪಾಯಿಯ ನಾಣ್ಯವನ್ನು ಸಂಗ್ರಾಹಕರು ಪಕ್ಕಕ್ಕೆ ಸರಿಸಬಾರದೆಂದು ನಾನು ಮತ್ತೆ ಮತ್ತೆ ಹೇಳುವುದು ಈ ಕಾರಣಕ್ಕೆ.

ತಂಬೂರಿ:

ಕನ್ನಡ ನೆಲದ ಸಂಗೀತಗಾರರ ಮಾತನ್ನು ಯಾರೂ ಎತ್ತಲಿಲ್ಲವಲ್ಲ. ಅಂಚೆ ಇಲಾಖೆ 1964ರಲ್ಲಿ ಪುರಂದರದಾಸರ ಅಂಚೆಚೀಟಿ ತಂದಿತು. 2014ರಲ್ಲಿ ಬಂದ ಸಂಗೀತಗಾರರ ಎಂಟು ಅಂಚೆಚೀಟಿಗಳಲ್ಲಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ ಈ ನಾಲ್ವರೂ ಇದ್ದರು. ಎಂಟರಲ್ಲಿ ಅರ್ಧ ನಮ್ಮ ನೆಲದಲ್ಲಿ ಹುಟ್ಟಿದವರದೇ. ಅವರನ್ನು ಲೋಹದಲ್ಲಿಯೂ ನೋಡುವ ಆಸೆ ನನಗಿದೆ.

ವಿನ್ಯಾಸದ ದೃಷ್ಟಿಯಿಂದ ನನಗೆ ಮೊದಲು ನೆನಪಾಗುವವರು ಪಿಟೀಲು ಚೌಡಯ್ಯನವರು. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿದ ಅವರು, ಮೈಕು ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣದ ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ಮುದ್ರಾರಸಿಕರು ತಂಬೂರದ ಬಗ್ಗೆ ಎತ್ತಿದ ಆಕ್ಷೇಪ ಇಲ್ಲಿಗೆ ಅನ್ವಯಿಸುವುದಿಲ್ಲ. ಏಳು ಬಿರಡೆ, ಏಳು ತಂತಿಯ ಪಿಟೀಲನ್ನು ಕೆತ್ತಿದರೆ ಮುಖವಿಲ್ಲದೆಯೂ ಅದು ಚೌಡಯ್ಯನವರದೇ ನಾಣ್ಯವಾಗುತ್ತದೆ.

ಮುದ್ರಾರಸಿಕ:

ಒಪ್ಪಿದೆ. ಇಲ್ಲಿ ವಾದ್ಯವೇ ಮುಖ. ಕೆತ್ತುವವರ ಕಣ್ಣಿನಿಂದ ಒಂದು ಮಾತು: ಹತ್ತು ರೂಪಾಯಿಯ ನಾಣ್ಯದ ನಡುವಿನ ಬಿಲ್ಲೆಯಲ್ಲಿ ಏಳು ತಂತಿಗಳನ್ನು ಬೇರೆ ಬೇರೆಯಾಗಿ ಬಿಡಿಸಿದರೆ ಕೆಲವೇ ವರ್ಷಗಳ ಸವಕಳಿಯಲ್ಲಿ ಒಂದಾಗಿಬಿಡುತ್ತವೆ. ತಂತಿಗಳನ್ನು ಬಿಟ್ಟು ಮೇಲ್ಭಾಗದ ಬಿರಡೆಗಳನ್ನು ಮಾತ್ರ ದೊಡ್ಡದಾಗಿ, ಎಣಿಸಲು ಬರುವಂತೆ ಕೆತ್ತುವುದು ಉಳಿಯುವ ದಾರಿ. ನೂರರ ನಾಣ್ಯದಲ್ಲಿ ಪೂರ್ತಿ ಪಿಟೀಲಿಗೂ ಜಾಗವಿದೆ.

ಚಿಲ್ಲರೆ:

ಕನ್ನಡಿಗರಿಗೆ ಹತ್ತಿರದಲ್ಲಿರುವ ಸಂದರ್ಭ 2029. ರಾಜ್‌ಕುಮಾರ್ ಅವರು ಹುಟ್ಟಿದ್ದು 1929ರ ಏಪ್ರಿಲ್ 24ರಂದು. ನಟರೆಂದು ಅವರನ್ನು ನೆನೆಯುವುದು ಸಹಜವೇ. ಆದರೆ ಹಿನ್ನೆಲೆ ಗಾಯನಕ್ಕೂ ರಾಷ್ಟ್ರಪ್ರಶಸ್ತಿ ಪಡೆದವರು ಅವರು, ಅವರ ಭಕ್ತಿಗೀತೆಗಳು ಇಂದಿಗೂ ದೇವಸ್ಥಾನಗಳ ಧ್ವನಿವರ್ಧಕಗಳಲ್ಲಿ ಕೇಳುತ್ತವೆ. ಇಂಥ ಶತಮಾನೋತ್ಸವದ ನಾಣ್ಯಕ್ಕೆ ಪ್ರಸ್ತಾವನೆ, ಒಪ್ಪಿಗೆ, ವಿನ್ಯಾಸ, ಅಧಿಸೂಚನೆ, ಅಚ್ಚು ಇಷ್ಟೆಲ್ಲ ಹಂತಗಳಿರುವುದರಿಂದ ಕೊನೆಯ ವರ್ಷದಲ್ಲಿ ಎಚ್ಚೆತ್ತರೆ ಎಂ. ಎಸ್. ಅವರಿಗಾದಂತೆಯೇ ತಡವಾಗುತ್ತದೆ. ರಾಜ್ಯದ ಸಂಸ್ಕೃತಿ ಇಲಾಖೆಯ ಮೂಲಕ ಕೇಂದ್ರ ಹಣಕಾಸು ಸಚಿವಾಲಯಕ್ಕೆ ಮನವಿ ಹೋಗಬೇಕೆಂದೂ, ಅದರಲ್ಲಿ ನೂರರ ಜೊತೆಗೆ ಹತ್ತರ ಅಥವಾ ಇಪ್ಪತ್ತರ ನಾಣ್ಯವನ್ನೂ ಕೇಳಬೇಕೆಂದೂ ನನ್ನ ಸಲಹೆ.

ಸ್ಥಾಯಿ:

ಮನವಿಯ ಕರಡನ್ನು ನಾನು ಸಿದ್ಧಪಡಿಸುತ್ತೇನೆ. ಚಿಲ್ಲರೆಯವರು ಹೇಳಿದ ಸಣ್ಣ ಮುಖಬೆಲೆ, ತಂಬೂರಿಯವರು ಹೇಳಿದ ಕಲೆಯ ಗುರುತು, ಬಿಡುಗಡೆ ಕರ್ನಾಟಕದಲ್ಲಿಯೇ ಆಗಬೇಕೆಂಬ ಕೋರಿಕೆ, ಈ ಮೂರೂ ಅದರಲ್ಲಿರುತ್ತವೆ. ಮುದ್ರಾರಸಿಕರು ಅಳತೆ ಮತ್ತು ಲೋಹದ ಭಾಗವನ್ನು ಪರಿಶೀಲಿಸಿಕೊಡಬೇಕಾಗಿ ವಿನಂತಿ. ಕರಡನ್ನು ಇದೇ ಚರ್ಚೆಯ ಕೆಳಗೆ ಹಾಕುತ್ತೇನೆ, ತಿದ್ದುಪಡಿಗಳಿದ್ದರೆ ಎಲ್ಲರೂ ಅಲ್ಲಿಯೇ ಸೂಚಿಸಬಹುದು.